ಪದಚರ್ಚೆ: ‘ಲೇಟೆನ್ಸಿ’ಗೆ ‘ವಿಳಂಬ’ ಎನ್ನಬಹುದೇ? ಜೊತೆಗೆ ‘ಒಡೆದ ದನಿ’ ಮತ್ತು ‘ಹಸಿ ದನಿ’

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಹೊರಟವರಿಗಾಗಿ ಎಂಟು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿ ಗಿಟಾರ್ ಕಲಿಸುವ ಸ್ನೇಹಿತರೊಬ್ಬರು ತಮ್ಮ ವಿದ್ಯಾರ್ಥಿಗಳಿಗೆ ಹಂಚಲು ಕೇಳಿದ್ದರಿಂದ ಕೈಗೆತ್ತಿಕೊಂಡ ಕೆಲಸವಿದು. ಸಾಮಾನುಗಳ ಹೆಸರಿನಲ್ಲಿ ನನಗೆ ತೊಡಕಿಲ್ಲ. ಕೇಬಲ್, ಆಂಪ್ (ದನಿಯನ್ನು ಹಿಗ್ಗಿಸುವ ಪೆಟ್ಟಿಗೆ), ಪೆಡಲ್ (ದನಿಯ ಬಣ್ಣ ಬದಲಿಸುವ, ಕಾಲಲ್ಲಿ ಒತ್ತುವ ಸಾಧನ), ಆಡಿಯೊ ಇಂಟರ್‌ಫೇಸ್ (ಗಿಟಾರಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಉಪಕರಣ), ಹೆಡ್‌ಫೋನ್ ಎಲ್ಲವನ್ನೂ ಅಂಗಡಿಯಲ್ಲಿ ಕೇಳುವ ಹೆಸರಿನಲ್ಲೇ ಬರೆದಿದ್ದೇನೆ. (‘ಪಿಕಪ್’ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಇಟ್ಟಿಗೆ ಸಾಗಿಸುವ ಗಾಡಿ ನೆನಪಾಗುತ್ತದೆ, ಆದರೂ ತಂತಿಗಳ ಕೆಳಗೆ, ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಕೂರಿಸಿರುವ ಆ ಭಾಗಕ್ಕೆ ಅದೇ ಹೆಸರಿರಲಿ.) ತೊಡಕಿರುವುದು, ನುಡಿಸುವಾಗ ಕಿವಿಗೆ ಏನು ಕೇಳಿಸುತ್ತದೆ ಎಂಬುದನ್ನು ಹೇಳುವ ಪದಗಳಲ್ಲಿ.

ಮೊದಲನೆಯದು ‘ಲೇಟೆನ್ಸಿ’. ತಂತಿಯನ್ನು ಮೀಟಿದ ಗಳಿಗೆಗೂ ಅದರ ದನಿ ಕಂಪ್ಯೂಟರನ್ನು ಹಾದು ಹೆಡ್‌ಫೋನಿಗೆ ಬಂದು ತಲುಪುವ ಗಳಿಗೆಗೂ ನಡುವಿನ ಅಂತರವಿದು. ಕಂಪ್ಯೂಟರು ದನಿಯನ್ನು ಹರಿದು ಬಂದ ಹಾಗೆಯೇ ಸ್ವೀಕರಿಸದೆ ಕಂತುಕಂತಾಗಿ ಪಡೆಯುತ್ತದೆ. ಸೆಕೆಂಡಿಗೆ ೪೮,೦೦೦ ಸ್ಯಾಂಪಲ್‌ಗಳಂತೆ (ಸ್ಯಾಂಪಲ್ ಎಂದರೆ ದನಿಯ ಮಟ್ಟವನ್ನು ಒಮ್ಮೆ ಅಳೆದು ಬರೆದುಕೊಂಡ ಅಂಕಿ) ಮುದ್ರಿಸುತ್ತ, ಕಂತಿಗೆ ೨೫೬ ಸ್ಯಾಂಪಲ್ ಎಂದು ಗೊತ್ತುಮಾಡಿದರೆ, ಒಂದು ಕಂತು ತುಂಬಲು ೫.೩ ಮಿಲಿಸೆಕೆಂಡು ಬೇಕು. ಒಳಗೆ ಹೋಗಲು ಒಂದು ಕಂತು, ಹೊರಗೆ ಬರಲು ಇನ್ನೊಂದು, ಅಲ್ಲಿಗೆ ಸುಮಾರು ೧೧ ಮಿಲಿಸೆಕೆಂಡು. ಉಪಕರಣ ತನ್ನ ಪಾಲನ್ನು ಬೇರೆ ಸೇರಿಸುತ್ತದೆ. ಕಂತನ್ನು ೧,೦೨೪ಕ್ಕೆ ಏರಿಸಿದರೆ ಅಂತರ ಸುಮಾರು ೪೩ ಮಿಲಿಸೆಕೆಂಡಾಗುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದವು ಹತ್ತಿರಹತ್ತಿರ ೪೮ ಅಡಿ ಸಾಗುತ್ತದೆ, ಎಂದರೆ ಮದುವೆ ಛತ್ರದ ಆಚೆ ತುದಿಯಲ್ಲಿ ಆಂಪ್ ಇಟ್ಟು ಈಚೆ ತುದಿಯಲ್ಲಿ ಕುಳಿತು ನುಡಿಸಿದಂತೆ.

ಇದಕ್ಕೆ ಥಟ್ಟನೆ ನೆನಪಾಗುವ ಪದ ‘ವಿಳಂಬ’. ಕಚೇರಿ ಕಡತದಿಂದ ರೈಲು ನಿಲ್ದಾಣದ ಪ್ರಕಟಣೆಯವರೆಗೆ ಎಲ್ಲರಿಗೂ ಗೊತ್ತಿರುವ ಪದ. ಆದರೆ ಈ ಕೈಪಿಡಿಯನ್ನು ಓದುವವರು ಸಂಗೀತದವರು. ಅವರಿಗೆ ವಿಳಂಬವೆಂದರೆ ಮಧ್ಯಮ, ದ್ರುತ ಕಾಲಗಳ ಜೊತೆಗೆ ಬರುವ ವಿಳಂಬ ಕಾಲ. ಧಾರವಾಡದ ಕಡೆಯವರಿಗೆ ವಿಲಂಬಿತ ಖ್ಯಾಲು. ಅಲ್ಲಿ ಅದು ದೋಷವಲ್ಲ, ರಾಗವನ್ನು ಬಿಡಿಸಿ ತೋರಿಸುವ ನಡೆ.

ಓದುವವರು ಸಂದರ್ಭ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ. ಸ್ನೇಹಿತರ ಮನೆಯಲ್ಲಿ ಅವರ ವಿದ್ಯಾರ್ಥಿನಿಯೊಬ್ಬಳು ನುಡಿಸುವುದನ್ನು ಕಂಡ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಹೆಡ್‌ಫೋನ್ ತೊಟ್ಟು ಕುಳಿತಿದ್ದಳು. ಮೀಟಿದಾಗ ಬರಿಯ ತಂತಿಯ ‘ಟಿಣ್’ ಮೊದಲು ಕೇಳುತ್ತಿತ್ತು, ಹೆಡ್‌ಫೋನಿನ ದಪ್ಪ ದನಿ ಅದರ ಬೆನ್ನಿಗೆ ಬರುತ್ತಿತ್ತು. ‘ಸಾರ್, ನನ್ನ ಹಿಂದೆ ಇನ್ಯಾರೋ ನುಡಿಸ್ತಿದಾರೆ’ ಎಂದಳು. ಆ ‘ಇನ್ಯಾರೋ’ ಬಂದು ಸೇರಿಕೊಳ್ಳಲೆಂದು ಪ್ರತಿ ಸ್ವರದಲ್ಲೂ ತುಸು ಕಾಯುತ್ತ, ಹದಿನಾರು ಆವರ್ತ ಮುಗಿಯುವಷ್ಟರಲ್ಲಿ ಅವಳ ನಡೆಯೇ ನಿಧಾನವಾಗಿಹೋಗಿತ್ತು. ಇದನ್ನು ಕೈಪಿಡಿಯಲ್ಲಿ ಹೇಳಲು ಹೊರಟಾಗ ನನ್ನ ಲೇಖನಿಯಿಂದ ಬಂದ ವಾಕ್ಯ: ‘ವಿಳಂಬದಿಂದ ನುಡಿಸಾಣಿಕೆ ವಿಳಂಬವಾಗುತ್ತದೆ.’ ಇದನ್ನು ಓದಿದ ಹುಡುಗರು ಏನು ತಿಳಿದಾರು?

ನಿಘಂಟು ನೋಡಿ ‘ಸುಪ್ತತೆ’ ಎಂದು ಬರೆಯುವವರಿದ್ದಾರೆ. ಮೂಲಪದದ ಒಂದು ಅರ್ಥ ಅಡಗಿರುವುದು ಎಂದಿರುವುದರಿಂದ ಆದ ಎಡವಟ್ಟು ಅದು. ಗುಪ್ತೋಷ್ಣದಲ್ಲಿ ಶಾಖ ಅಡಗಿರುವುದು ನಿಜ, ಇಲ್ಲಿ ಅಡಗಿರುವಂಥದ್ದು ಏನೂ ಇಲ್ಲ. ‘ಕೇಳ್ತಡ’ ಎಂದು ಹೊಸದಾಗಿ ಕಟ್ಟಬಹುದು. ಬಳಗದ ಕೆಲವರಿಗೆ ಅದು ಹಿಡಿಸೀತು, ಆದರೆ ಹದಿನೈದರ ಹುಡುಗನೊಬ್ಬ ಅದನ್ನು ಬಾಯಿಬಿಟ್ಟು ಆಡಿಯಾನೆಂಬ ನಂಬಿಕೆ ನನಗಿಲ್ಲ. ಸದ್ಯಕ್ಕೆ ನಾನು ಬರಿಯ ‘ತಡ’ ಎಂದು ಬರೆದಿದ್ದೇನೆ: ‘ಕಂತು ಚಿಕ್ಕದಾದಷ್ಟೂ ತಡ ಕಡಿಮೆ, ತೀರಾ ಚಿಕ್ಕದಾದರೆ ಕಂಪ್ಯೂಟರಿಗೆ ಪೂರೈಸಲಾಗದೆ ದನಿ ಚಟಪಟಗುಟ್ಟುತ್ತದೆ.’ ಓದಲು ಸಲೀಸಾಗಿದೆ. ಆದರೆ ‘ತಡವಾಗಿ’, ‘ತಡಮಾಡು’ ಎಂಬ ರೂಪಗಳಲ್ಲೇ ಹೆಚ್ಚು ಕೇಳುವ ಈ ಪದವನ್ನು ‘೧೧ ಮಿಲಿಸೆಕೆಂಡಿನ ತಡ’ ಎಂದು ಅಳತೆಯ ಜೊತೆಗೆ ಹೆಸರಾಗಿ ನಿಲ್ಲಿಸಿದರೆ ಕಿವಿಗೆ ಒಗ್ಗುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ‘ಕ್ಲಿಪಿಂಗ್’ ಮತ್ತು ‘ಡಿಸ್ಟಾರ್ಷನ್’ ಜೋಡಿ. ದನಿ ಮಿತಿಮೀರಿದಾಗ ಅದರ ಅಲೆಯ ನೆತ್ತಿ ಚಪ್ಪಟೆಯಾಗುವುದು ಎರಡರಲ್ಲೂ ಇದೆ. ಆಂಪಿನಲ್ಲಾದರೆ ಅದು ಬೇಕೆಂದೇ ಪಡೆದ ಬಣ್ಣ. ೧೯೬೨ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಸ್ಟ್ರೊ ಫಜ್-ಟೋನ್ ಪೆಡಲ್ ಇದ್ದದ್ದೇ ದನಿಯನ್ನು ಹಾಗೆ ಕೆಡಿಸುವುದಕ್ಕೆ. ಇಂಟರ್‌ಫೇಸಿನಲ್ಲಿ ಅಳತೆ ಅದರ ಮೇಲ್ಮಿತಿಯಾದ ಶೂನ್ಯ ಡೆಸಿಬೆಲ್ ದಾಟಿ ಆದರೆ ಅದು ಕೆಟ್ಟ ಮುದ್ರಣ, ಆಮೇಲೆ ಸರಿಪಡಿಸಲು ಬಾರದು. ಅದಕ್ಕೇ ಜೋರಾಗಿ ಬಾರಿಸಿದಾಗಲೂ ಸೂಚಿ ಮೈನಸ್ ೧೨ ಡೆಸಿಬೆಲ್ ಆಸುಪಾಸಿನಲ್ಲಿರಲಿ ಎನ್ನುತ್ತೇವೆ. ಡಿಸ್ಟಾರ್ಷನ್‌ಗೆ ‘ವಿಕೃತಿ’ ಎನ್ನೋಣವೆಂದರೆ ಅದನ್ನೂ ಸಂಗೀತಶಾಸ್ತ್ರ ಮೊದಲೇ ಹಿಡಿದುಕೊಂಡಿದೆ: ಷಡ್ಜ ಪಂಚಮಗಳು ಪ್ರಕೃತಿ ಸ್ವರ, ಉಳಿದ ಐದು ವಿಕೃತಿ ಸ್ವರ. ನನ್ನ ತೀರ್ಮಾನ ಹೀಗಿದೆ. ಬಣ್ಣದ ಹೆಸರು ‘ಡಿಸ್ಟಾರ್ಷನ್’ ಎಂದೇ ಇರಲಿ, ದೋಷಕ್ಕೆ ನಮ್ಮ ಜಾತ್ರೆಯ ಮೈಕ್‌ಸೆಟ್ಟಿನವರ ಮಾತನ್ನು ತೆಗೆದುಕೊಳ್ಳೋಣ. ‘ಸೌಂಡ್ ಒಡೀತಿದೆ, ಕಮ್ಮಿ ಮಾಡ್ರೋ’ ಎಂದು ಅವರು ಕೂಗುವುದು ಇದೇ ದೋಷಕ್ಕೆ. ‘ಮುದ್ರಣ ಒಡೆದಿದೆ’ ಎಂದರೆ ಸಾಕಾಗುತ್ತದೆ ಎಂದು ನನಗನ್ನಿಸುತ್ತದೆ. ಹದಿಹರೆಯದ ಗಂಡುಮಕ್ಕಳ ಗಂಟಲು ಒಡೆಯುವುದೂ ನೆನಪಾದೀತು, ಅದರಿಂದ ಬಾಧಕವಿಲ್ಲ.

ಮೂರನೆಯದು ಚಿಕ್ಕದು, ಆದರೆ ನನಗೆ ಅತ್ಯಂತ ಖುಷಿ ಕೊಟ್ಟದ್ದು. ಆಂಪಿನ ಬಣ್ಣವಾಗಲಿ ಪ್ರತಿಧ್ವನಿಯ ಗುಂಗಾಗಲಿ ಸೇರದ, ಗಿಟಾರಿನಿಂದ ನೇರವಾಗಿ ಬಂದ ದನಿಗೆ ಇಂಗ್ಲಿಷಿನವರು ‘ಡ್ರೈ’ ಎನ್ನುತ್ತಾರೆ, ಎಲ್ಲ ಸೇರಿದ್ದಕ್ಕೆ ‘ವೆಟ್’. ‘ಒಣ ದನಿ’ ಎಂದು ಬರೆದೆ. ‘ಒಣಮಾತು’, ‘ಒಣಜಂಭ’ಗಳ ನೆಂಟಸ್ತಿಕೆಯಿಂದ ಅದು ಹುರುಳಿಲ್ಲದ್ದು ಎಂಬಂತೆ ಕೇಳಿಸಿತು. ಆದರೆ ಈ ದನಿಯನ್ನು ಬೇರೆಯಾಗಿ ಮುದ್ರಿಸಿಡುವುದು, ನಾಳೆ ಬೇಕಾದ ಆಂಪಿನ ಬಣ್ಣವನ್ನು ಅದಕ್ಕೆ ಕೂಡಿಸಿಕೊಳ್ಳಬಹುದೆಂಬ ಕಾರಣಕ್ಕೆ. ಅಂದರೆ ಅದು ಇನ್ನೂ ಬೇಯಿಸದ ಪದಾರ್ಥ, ಕನ್ನಡದಲ್ಲಿ ‘ಹಸಿ’. ನಮ್ಮ ‘ಹಸಿ’ಗೆ ಬೇಯದ್ದು ಎಂಬ ಅರ್ಥವೂ ಇದೆ, ಒದ್ದೆ ಎಂಬ ಅರ್ಥವೂ ಇದೆ, ಹೀಗಾಗಿ ಇಂಗ್ಲಿಷಿನ ಒಣದ್ದು ಕನ್ನಡದಲ್ಲಿ ಹಸಿಯಾಗುತ್ತದೆ! ಎರಡೂ ಭಾಷೆಯ ಕೈಪಿಡಿಗಳನ್ನು ಅಕ್ಕಪಕ್ಕ ಇಟ್ಟು ಓದುವ ವಿದ್ಯಾರ್ಥಿ ಇಲ್ಲಿ ಮುಗ್ಗರಿಸಬಹುದೆಂಬ ಅಳುಕಿದ್ದರೂ, ಪದ ಬಿಡಲು ನನಗೆ ಮನಸ್ಸಿಲ್ಲ.

ಬಳಗದಲ್ಲಿ ವೈಣಿಕರಿದ್ದರೆ ಒಂದು ವಿಶೇಷ ವಿನಂತಿ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಸಿಕ್ಕಿಸಿ ಕಚೇರಿ ಮಾಡುವ ರೂಢಿ ನಿಮ್ಮಲ್ಲಿ ಹಳೆಯದು. ವೇದಿಕೆಯ ಸ್ಪೀಕರಿನಿಂದ ನಿಮ್ಮದೇ ನಾದ ಹಿಂದೆ ಬಿದ್ದು ಕೇಳಿಸಿದಾಗ, ಮೈಕಿನವರನ್ನು ಕರೆದು ನೀವು ಯಾವ ಮಾತಿನಲ್ಲಿ ಹೇಳುತ್ತೀರಿ? ಆ ಮಾತನ್ನು ಆಡಿದ ಹಾಗೆಯೇ ಬರೆದು ತಿಳಿಸಿದರೆ ‘ತಡ’ವನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಅದರ ಮೇಲೆ ಗೊತ್ತುಮಾಡುತ್ತೇನೆ.

ವಂದನೆಗಳೊಂದಿಗೆ.