ಕುತ್ತಿಗೆ ಆಪರೇಷನ್ ಆದವರಿಗೆ ಮೂಗಿನ ಟ್ಯೂಬ್‌ನಲ್ಲಿ ಗಂಜಿ ಕೊಡುವುದು ಹೇಗೆ?

ಪ್ರಶ್ನೆ (ನಾಪೋಕ್ಲು ಕಡೆಯಿಂದ):
ಸಿಸ್ಟರ್, ನಮ್ಮ ಮಾವ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಏಣಿ ಜಾರಿ ಬಿದ್ದರು. ಕುತ್ತಿಗೆ ಮೂಳೆಗೆ ಆಪರೇಷನ್ ಆಗಿದೆ, ಕಾಲರ್ ಹಾಕಿದ್ದಾರೆ. ನುಂಗಲು ಆಗುತ್ತಿಲ್ಲ, ಅದಕ್ಕೆ ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್. ಮೂತ್ರಕ್ಕೂ ಟ್ಯೂಬ್ ಇದೆ. ಮನೆಗೆ ಬಂದು ಆರು ದಿನ. ಕುತ್ತಿಗೆ ಬಾಗಿಸಬೇಡಿ ಎಂದೂ ಹೇಳಿದ್ದಾರೆ, ತಲೆ ಎತ್ತರಿಸಿ ಗಂಜಿ ಕೊಡಿ ಎಂದೂ ಹೇಳಿದ್ದಾರೆ. ಎರಡೂ ಒಟ್ಟಿಗೆ ಹೇಗೆ? ಮೂರು ದಿಂಬು ಇಡಲಾ? ಇನ್ನೊಂದು, ಕಕ್ಕಡ 18 (ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಅಡುಗೆ ಮಾಡುವ ಹಬ್ಬ) ಬರ್ತಾ ಇದೆ. ಮದ್ದು ಸೊಪ್ಪಿನ ಪಾಯಸ ಸ್ವಲ್ಪ ಟ್ಯೂಬ್‌ನಲ್ಲೇ ಕೊಡೋಣ ಅಂತಾರೆ ಅತ್ತೆ.

ಉತ್ತರ (ನರ್ಸ್, ಮಡಿಕೇರಿ):
ದಿಂಬು ಬೇಡವೇ ಬೇಡ. ದಿಂಬು ಇಟ್ಟರೆ ಗಲ್ಲ ಎದೆಗೆ ಬರುತ್ತದೆ, ಬಾಗುವುದು ಕುತ್ತಿಗೆಯೇ. ಬಾಗಬೇಕಾದ ಜಾಗ ಸೊಂಟ. ಹಿಡಿ ತಿರುಗಿಸಿ ಏರಿಸುವ ಆಸ್ಪತ್ರೆ ಮಂಚ ಬಾಡಿಗೆಗೆ ಸಿಗುತ್ತದೆ, ತರಿಸಿಕೊಳ್ಳಿ. ಎಷ್ಟು ಏರಿಸಬಹುದು ಎಂದು ಆಪರೇಷನ್ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಸಾಮಾನ್ಯವಾಗಿ 30 ರಿಂದ 45 ಡಿಗ್ರಿ ಬೇಕು. ಸೊಂಟದಿಂದ ತಲೆಗೆ ಮೂರು ಅಡಿ ಇದ್ದರೆ, ತಲೆ ಒಂದೂವರೆ ಅಡಿ ಮೇಲೆ ಬಂದಾಗ 30 ಡಿಗ್ರಿ.

ಒಂದು ವಿಷಯ ಮನೆಯಲ್ಲಿ ಎಲ್ಲರೂ ಮರೆಯುತ್ತಾರೆ. ಮಂಚ ಮಡಚುವ ಗೆರೆಗೆ ಸರಿಯಾಗಿ ಅವರ ಸೊಂಟ ಇರಬೇಕು. ಕೆಳಗೆ ಜಾರಿದ್ದರೆ ಬೆನ್ನಿನ ಮಧ್ಯಕ್ಕೆ ಮಡಿಕೆ ಬೀಳುತ್ತದೆ. ಏರಿಸುವ ಮುಂಚೆ ಹಾಸಿದ ಬೆಡ್‌ಶೀಟ್ ಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಒಬ್ಬರು ತಲೆ ಮಾತ್ರ ಹಿಡಿಯಬೇಕು. 'ಒಂದು, ಎರಡು, ಮೂರು' ಹೇಳುವವರು ಅವರೇ. ಮಗ್ಗುಲು ಬದಲಿಸುವಾಗಲೂ ಹಾಗೇ, ಮೂರು ಜನ, ಮರದ ದಿಮ್ಮಿ ಉರುಳಿಸಿದಂತೆ ತಲೆ, ಹೆಗಲು, ಸೊಂಟ ಒಟ್ಟಿಗೆ. ಎರಡು ಗಂಟೆಗೊಮ್ಮೆ. ಮೊದಲು ಮಗ್ಗುಲು, ಆಮೇಲೆ ಗಂಜಿ. ಹೊಟ್ಟೆ ತುಂಬಿದ ಮೇಲೆ ಉರುಳಿಸಬೇಡಿ.

ಮೂಗಿನ ಹತ್ತಿರ ಟ್ಯೂಬ್ ಮೇಲೆ ಗುರುತು ಇರುತ್ತದೆ. ಪ್ರತಿ ಸಲ ನೋಡಿ. ಗುರುತು ಹೊರಗೆ ಬಂದಿದ್ದರೆ ಒಂದು ತೊಟ್ಟೂ ಹಾಕಬೇಡಿ, ಒಳಗೆ ತಳ್ಳಲೂ ಬೇಡಿ. ಸರಿ ಇದ್ದರೆ ಕುದಿಸಿ ಆರಿಸಿದ ನೀರು 30 ಮಿಲಿ, ಆಮೇಲೆ ಸೋಸಿದ ಉಗುರುಬೆಚ್ಚಗಿನ ಗಂಜಿ, ಕೊನೆಗೆ ಮತ್ತೆ 30 ಮಿಲಿ ನೀರು. ಸಿರಿಂಜಿನ ದಂಡ ತೆಗೆದುಬಿಡಿ, ಒತ್ತಬೇಡಿ. ತಾನಾಗಿ ಇಳಿಯಲಿ. 200 ಮಿಲಿಗೆ 15-20 ನಿಮಿಷ ಬೇಕು. ಮುಗಿದ ಮೇಲೂ ಒಂದು ಗಂಟೆ ತಲೆ ಇಳಿಸಬೇಡಿ.

ಅತ್ತೆಯ ಪ್ರೀತಿ ಅರ್ಥವಾಗುತ್ತದೆ, ನಮ್ಮನೆಯಲ್ಲೂ ಮದ್ದು ಪಾಯಸ ತಪ್ಪುವುದಿಲ್ಲ. ಆದರೆ ಈ ವರ್ಷ ಬೇಡ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಟ್ಯೂಬ್ ಕಟ್ಟಿಸುತ್ತವೆ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದಲ್ವಾ? ಮೂತ್ರದ ಚೀಲದಲ್ಲಿ ಕೆಂಪು ಕಂಡರೆ ರಕ್ತವೋ ಪಾಯಸವೋ ಗೊತ್ತಾಗುವುದಿಲ್ಲ. ರುಚಿಗೆಂದು ಬಾಯಿಗೆ ಒಂದು ಚಮಚವೂ ಬೇಡ, ಶ್ವಾಸಕೋಶಕ್ಕೆ ಹೋಗಬಹುದು.

ಮರುಪ್ರಶ್ನೆ:
ನಿನ್ನೆ ರಾತ್ರಿ ಕರೆಂಟ್ ಹೋದಾಗ ಗಂಜಿ ಮಧ್ಯೆ ಕೆಮ್ಮು ಬಂತು. ನಿಲ್ಲಿಸಿದೆ. ಮತ್ತೆ, ಬೆನ್ನಿನ ಕೆಳಗೆ ಕೆಂಪಗೆ ಕಾಣ್ತಿದೆ.

ಉತ್ತರ:
ನಿಲ್ಲಿಸಿದ್ದು ಸರಿಯಾಯಿತು. ಡಾಕ್ಟರಿಗೆ ತಿಳಿಸಿ, ಟ್ಯೂಬ್ ಸರಿ ಜಾಗದಲ್ಲಿದೆ ಎಂದು ಅವರು ನೋಡಿ ಹೇಳುವವರೆಗೆ ಮುಂದಿನ ಗಂಜಿ ಬೇಡ. ಏದುಸಿರು, ತುಟಿ ನೀಲಿ, ಜ್ವರ, ಗಾಯದಿಂದ ತಿಳಿನೀರು, ಕೈಕಾಲಿನ ಬಲ ಮೊದಲಿಗಿಂತ ಕಡಿಮೆ, ಇದರಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಮಳೆಗೆ ದಾರಿ ಕೆಡುತ್ತದೆ, ಪಕ್ಕದ ಮನೆಯ ಜೀಪಿಗೂ ಹೇಳಿಟ್ಟಿರಿ. ಕತ್ತಲಲ್ಲಿ ಗಂಜಿ ಕೊಡಬೇಡಿ, ಅವರ ಮುಖ ಕಾಣುವಷ್ಟು ಬೆಳಕು ಇರಲೇಬೇಕು.

ಆ ಕೆಂಪು ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಪಾಗಿ ಮತ್ತೆ ಕೆಂಪಾದರೆ ಚರ್ಮಕ್ಕೆ ಇನ್ನೂ ಪೆಟ್ಟಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣಿನ ಶುರು. ಉಜ್ಜಬೇಡಿ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಗ್ಗುಲಿಗೆ ಮಲಗಿಸಿ. ಹಿಮ್ಮಡಿಯನ್ನೂ ನೋಡಿ. ನಾಳೆ ಬೆಳಿಗ್ಗೆ ಹೇಗಿದೆ ಎಂದು ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.