ಮಗಳು ಗುಳಿಗೆ ನುಂಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಕಲಬುರಗಿ): ಮಗಳಿಗೆ 9 ವರ್ಷ. ಡಾಕ್ಟರ್ ಕ್ಯಾಪ್ಸೂಲ್ ಬರೆದಿದ್ದಾರೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹೆದರಿ ಅಳುತ್ತಾಳೆ. ಬಿಡಿಸಿ ಜೋಳದ ಗಂಜಿಯಲ್ಲಿ ಕಲಸಿ ಕೊಡಬಹುದಾ?

ಉತ್ತರ (ಬೀದರ್): ಅಕ್ಕಾ, ಡಾಕ್ಟರನ್ನು ಕೇಳದೆ ಬಿಡಿಸಬೇಡಿ. ಕೆಲವು ಔಷಧಿ ಹೊಟ್ಟೆಯಲ್ಲಿ ನಿಧಾನ ಕರಗುವ ಹಾಗೆ ಮಾಡಿರುತ್ತಾರೆ, ಒಡೆದರೆ ಎಲ್ಲಾ ಒಮ್ಮೆಲೇ ಮೈಗೆ ಸೇರುತ್ತದೆ. ಸಿರಪ್ ಸಿಗುತ್ತದಾ ಅಂತಲೂ ಕೇಳಿ.

ಉತ್ತರ (ಯಾದಗಿರಿ): ಕ್ಯಾಪ್ಸೂಲ್ ನೀರಲ್ಲಿ ತೇಲುತ್ತದೆ, ಅಲ್ವಾ? ತಲೆ ಹಿಂದಕ್ಕೆ ಎತ್ತಿದರೆ ಅದು ಹಲ್ಲಿನ ಕಡೆಗೇ ಬರುತ್ತದೆ. ಕೂರಿಸಿ, ನಾಲಿಗೆ ಮೇಲಿಟ್ಟು, ಒಂದು ಗುಟುಕು ನೀರು ಬಾಯಲ್ಲಿ ಹಿಡಿದು, ಗದ್ದ ಎದೆಯ ಕಡೆ ಬಗ್ಗಿಸಿ ನುಂಗಲು ಹೇಳಿ. 2014ರಲ್ಲಿ ಜರ್ಮನಿಯ ಸಂಶೋಧಕರು ದೊಡ್ಡವರಲ್ಲಿ ನೋಡಿದಾಗ ಹೀಗೆ ನುಂಗುವುದು ಸುಲಭವಾಗಿತ್ತು.

ಉತ್ತರ (ಕಲಬುರಗಿ): ಅಳುವಾಗ ಮಾತ್ರ ಬಲವಂತ ಬೇಡ. ಗುಳಿಗೆಯನ್ನು ಚಾಕ್ಲೇಟ್ ಅಂತಲೂ ಹೇಳಬೇಡಿ.