ಬರೆಯೋದು ವಿಎಸ್‌ಕೋಡಿಯಂನಲ್ಲಿ, ಓಡಿಸೋದು ಸ್ಪೈಡರ್‌ನಲ್ಲಿ: ಎರಡನ್ನೂ ಜೋಡಿಸುವುದು ಹೇಗೆ?

ಪ್ರಶ್ನೆ: ಡೇಟಾ ಕೆಲಸಕ್ಕೆ ಸ್ಪೈಡರ್ (ಪೈಥಾನ್ ಕೋಡ್ ಬರೆದು ಓಡಿಸುವ ತಂತ್ರಾಂಶ) ಬಳಸುತ್ತೇನೆ. ವೇರಿಯಬಲ್‌ಗಳಲ್ಲಿ ಏನಿದೆ ಎಂದು ತೋರಿಸುವ ಅದರ ವೇರಿಯಬಲ್ ಎಕ್ಸ್‌ಪ್ಲೋರರ್ ಬಿಡಲು ಮನಸ್ಸಿಲ್ಲ. ಆದರೆ ಕೋಡ್ ಬರೆಯಲು, ಗಿಟ್ (ಕೋಡ್ ಬದಲಾವಣೆಗಳ ದಾಖಲೆ) ನೋಡಿಕೊಳ್ಳಲು ವಿಎಸ್‌ ಕೋಡ್ ಎಡಿಟರ್‌ನ ಮುಕ್ತ ಆವೃತ್ತಿಯಾದ ವಿಎಸ್‌ಕೋಡಿಯಂನಲ್ಲೇ ಕೈ ಪಳಗಿದೆ. ಎರಡನ್ನೂ ಒಟ್ಟಿಗೆ ಬಳಸುವವರು ಇದ್ದೀರಾ?

ಉತ್ತರ 1: ನಾನು ಹೀಗೇ ಕೆಲಸ ಮಾಡುತ್ತೇನೆ, ಆರಾಮಾಗಿ ಆಗುತ್ತದೆ. ಒಂದರೊಳಗೆ ಇನ್ನೊಂದನ್ನು ತೂರಿಸುವ ಪ್ಲಗಿನ್ ಹುಡುಕುತ್ತಾ ಸುಮ್ನೆ ಕೂರಬೇಡಿ. ಎರಡಕ್ಕೂ ಫೈಲ್ ಒಂದೇ, ಪೈಥಾನ್ ಒಂದೇ ಇದ್ದರೆ ಸಾಕು.

ಜಾಸ್ತಿ ಜನ ಸಿಕ್ಕಿಬೀಳುವುದು ಪೈಥಾನ್ ವಿಚಾರದಲ್ಲೇ. ಸ್ಪೈಡರ್ ಇನ್‌ಸ್ಟಾಲರ್ ತನ್ನದೇ ಪೈಥಾನ್ ತರುತ್ತದೆ. ನೀವು ಟರ್ಮಿನಲ್‌ನಲ್ಲಿ ಪಿಪ್‌ನಿಂದ ಹಾಕಿಕೊಂಡ ಪ್ಯಾಕೇಜ್ ಹೋಗಿ ಕೂತಿರುವುದು ಬೇರೆ ಪೈಥಾನ್‌ನಲ್ಲಿ. ಅದಕ್ಕೇ ಎಡಿಟರ್‌ನಲ್ಲಿ ಓಡಿದ ಕೋಡ್ ಸ್ಪೈಡರ್‌ನಲ್ಲಿ ‘ಮಾಡ್ಯೂಲ್ ನಾಟ್ ಫೌಂಡ್’ ಎನ್ನುತ್ತದೆ. ಪ್ರಾಜೆಕ್ಟ್‌ಗೆ ಒಂದು ಕೊಂಡಾ ಎನ್ವಿರಾನ್ಮೆಂಟ್ (ತನ್ನದೇ ಪೈಥಾನ್, ಪ್ಯಾಕೇಜ್‌ಗಳಿರುವ ಪ್ರತ್ಯೇಕ ಜಾಗ) ಮಾಡಿ, ಅದರೊಳಗೆ ಸ್ಪೈಡರ್-ಕರ್ನಲ್ಸ್ (ಆ ಪೈಥಾನ್ ಜೊತೆ ಸ್ಪೈಡರ್ ಮಾತಾಡಲು ಬೇಕಾದ ಪ್ಯಾಕೇಜ್) ಹಾಕಿ. ಪೂರ್ತಿ ಸ್ಪೈಡರ್ ಅಲ್ಲಿ ಬೇಕಿಲ್ಲ. ಆಮೇಲೆ ಸ್ಪೈಡರ್‌ನ ಪ್ರಿಫರೆನ್ಸಸ್‌ಗೆ ಹೋಗಿ, ಪೈಥಾನ್ ಇಂಟರ್‌ಪ್ರಿಟರ್ ಎಂಬಲ್ಲಿ ಆ ಎನ್ವಿರಾನ್ಮೆಂಟ್ ಆರಿಸಿ. ವಿಎಸ್‌ಕೋಡಿಯಂನಲ್ಲೂ ಅದನ್ನೇ ಆರಿಸಿ. ಸ್ಪೈಡರ್ 5ಕ್ಕೆ ಕರ್ನಲ್ಸ್ 2ರ ಸರಣಿ, ಸ್ಪೈಡರ್ 6ಕ್ಕೆ 3ರ ಸರಣಿ. ಹೊಂದದಿದ್ದರೆ ಕೋಡ್ ಓಡುವ ಕನ್ಸೋಲ್ ಶುರುವಾಗುವುದಿಲ್ಲ, ಆದರೆ ಯಾವುದು ಹಾಕಬೇಕು ಎಂಬ ಕಮ್ಯಾಂಡ್ ಅಲ್ಲೇ ಕಾಣಿಸುತ್ತದೆ. ಕಾಪಿ ಮಾಡಿ ಓಡಿಸಿ, ಅಷ್ಟೇ.

ಇನ್ನು # %% ಎಂಬ ಸಾಲು. ಸ್ಪೈಡರ್ ಇದನ್ನು ಸೆಲ್‌ನ (ಬಿಡಿಯಾಗಿ ಓಡಿಸಬಲ್ಲ ಕೋಡ್ ತುಂಡಿನ) ಗಡಿ ಎಂದು ಓದುತ್ತದೆ. ಜುಪಿಟರ್ ಎಕ್ಸ್‌ಟೆನ್ಷನ್ ಇದ್ದರೆ ವಿಎಸ್‌ಕೋಡಿಯಂ ಕೂಡ ಹಾಗೇ ಓದುತ್ತದೆ. ಸಿಎಸ್‌ವಿ (ಡೇಟಾ ಫೈಲ್) ಓದುವುದು ಒಂದು ಸೆಲ್, ಲೆಕ್ಕ ಇನ್ನೊಂದು, ಗ್ರಾಫ್ ಮತ್ತೊಂದು. ಎಡಿಟರ್‌ನಲ್ಲಿ ಲೆಕ್ಕ ತಿದ್ದಿ ಸೇವ್ ಮಾಡಿ. ಸ್ಪೈಡರ್‌ಗೆ ಬಂದು ಆ ಸೆಲ್‌ನಲ್ಲಿ ಕಂಟ್ರೋಲ್-ಎಂಟರ್ ಒತ್ತಿ. ಅದೊಂದೇ ಓಡುತ್ತದೆ, ದೊಡ್ಡ ಸಿಎಸ್‌ವಿಯನ್ನು ಮತ್ತೆ ಓದುವ ಗೋಜಿಲ್ಲ. ವೇರಿಯಬಲ್ ಎಕ್ಸ್‌ಪ್ಲೋರರ್‌ನಲ್ಲಿ ಡೇಟಾಫ್ರೇಮ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಇಡೀ ಟೇಬಲ್ ಕಣ್ಣಮುಂದೆ. ಯಾವ ಸಾಲಿನಲ್ಲಿ ಮೌಲ್ಯ ಖಾಲಿ ಇದೆ ಎಂದು ಹುಡುಕಲು ಇದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ.

ಒಂದೇ ಫೈಲನ್ನು ಎರಡೂ ಕಡೆ ತಿದ್ದಬೇಡಿ. ಸ್ಪೈಡರ್‌ನಲ್ಲಿ ತೆರೆದಿಡಿ, ಟೈಪ್ ಮಾಡುವುದು ಎಡಿಟರ್‌ನಲ್ಲಿ ಮಾತ್ರ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಪದೇ ಪದೇ ಕಿಟಕಿ ಬದಲಿಸುವುದು ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ನಾನು ನಿಯೋವಿಮ್ ಎಂಬ ಎಡಿಟರ್‌ನಲ್ಲಿ ಬರೆಯುವವನು. ಸ್ಪೈಡರ್ ಕನ್ಸೋಲ್‌ನಲ್ಲಿ %ಕನೆಕ್ಟ್_ಇನ್ಫೋ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಆ ಕರ್ನಲ್‌ನ (ಹಿಂದೆ ನಿಂತು ಕೋಡ್ ಓಡಿಸುವ ಪ್ರೋಗ್ರಾಂನ) ಜೇಸನ್ ಫೈಲ್ ಹೆಸರು ಬರುತ್ತದೆ. ಬೇರೆ ಟರ್ಮಿನಲ್‌ನಲ್ಲಿ ಜುಪಿಟರ್ ಕನ್ಸೋಲ್ ತೆರೆಯುವಾಗ ‘ಎಕ್ಸಿಸ್ಟಿಂಗ್’ ಆಪ್ಷನ್‌ಗೆ ಆ ಫೈಲ್ ಕೊಡಿ. ವಿಮ್-ಸ್ಲೈಮ್ ಪ್ಲಗಿನ್‌ನಿಂದ ಕೋಡ್‌ನ ತುಣುಕನ್ನು ಆ ಟರ್ಮಿನಲ್‌ಗೆ ಕಳಿಸಿದರೆ ಅದು ಓಡುವುದು ಸ್ಪೈಡರ್‌ನ ಕರ್ನಲ್‌ನಲ್ಲೇ. ವೇರಿಯಬಲ್ ಎಕ್ಸ್‌ಪ್ಲೋರರ್‌ನಲ್ಲಿ ರಿಫ್ರೆಶ್ ಒತ್ತಿ ನೋಡಿ, ಹೊಸ ವೇರಿಯಬಲ್ ಬಂದಿರುತ್ತದೆ.

ಕರ್ನಲ್ ರೀಸ್ಟಾರ್ಟ್ ಮಾಡಿದ ಮೇಲೆ ಟರ್ಮಿನಲ್ ಕಡೆ ಉತ್ತರ ಬರದಿದ್ದರೆ ಕನೆಕ್ಷನ್ ಮತ್ತೆ ಹಾಕಿಕೊಳ್ಳಿ.

ಉತ್ತರ 3: ವಿಎಸ್‌ಕೋಡಿಯಂ ಬಗ್ಗೆ ಒಂದು ಮಾತು. ಕೋಡ್ ಬರೆಯುವಾಗ ಸಲಹೆ ಕೊಡುವ ಮೈಕ್ರೋಸಾಫ್ಟ್‌ನ ಪೈಲ್ಯಾನ್ಸ್ ಎಕ್ಸ್‌ಟೆನ್ಷನ್ ಅಲ್ಲಿಗೆ ಸಿಗುವುದಿಲ್ಲ, ಅದರ ಲೈಸೆನ್ಸ್ ಒಪ್ಪುವುದಿಲ್ಲ. ಪೈಥಾನ್ ಎಕ್ಸ್‌ಟೆನ್ಷನ್ ಜೊತೆ ಬರುವ ಜೇಡಿ ಆ ಕೆಲಸಕ್ಕೆ ಸಾಕು. ಟೈಪ್ ತಪ್ಪುಗಳನ್ನೂ ಹಿಡಿಯಬೇಕು ಎಂದರೆ ಬೇಸ್ಡ್‌ಪೈರೈಟ್ ಹಾಕಿಕೊಳ್ಳಿ.